ಲೆನ್ಸಿನ ಬಳೆಯ ಮೇಲೆ ಕುಂಕುಮದ ಚುಕ್ಕೆ

ಹೊಸದಾಗಿ ಕ್ಯಾಮೆರಾ ಕೊಂಡು ಮದುವೆ ಶೂಟಿಂಗಿಗೆ ಇಳಿಯುವವರು ಈಗಲೂ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಯಾವ ಕಂಪನಿಯದು ಒಳ್ಳೆಯದು ಎಂದು ಮೊದಲು ಕೇಳುತ್ತಾರೆ. ಅಂಗಡಿಯವನ ಹತ್ತಿರ ಎಷ್ಟು ಇಳಿಸಬಹುದು ಎಂದು ಆಮೇಲೆ ಕೇಳುತ್ತಾರೆ. ಎರಡನೆಯದಕ್ಕೆ ನನ್ನಷ್ಟು ಒಳ್ಳೆಯ ಉತ್ತರ ಸುತ್ತಲಿನ ಐದು ಊರುಗಳಲ್ಲಿ ಯಾರ ಬಳಿಯೂ ಸಿಗದು. ಆದರೆ ಕೇಳಲೇಬೇಕಾದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಏನನ್ನು ನೋಡಬೇಕು, ಎಷ್ಟು ಬೆಳಕಿನಲ್ಲಿ ನೋಡಬೇಕು ಎಂದು ತೀರ್ಮಾನ ಮಾಡುವವರು ಯಾರು? ನೀವೋ, ನಿಮ್ಮ ಕ್ಯಾಮೆರಾವೋ?

ನಾನೂ ಕೇಳಿಕೊಂಡಿರಲಿಲ್ಲ. ಅದರ ಫಲವಾಗಿ ಭಂಕೂರಿನ ಒಬ್ಬ ಒಳ್ಳೆಯ ಕಲ್ಲು ಕೆಲಸಗಾರ ತನ್ನ ಉಳಿ ಸುತ್ತಿಗೆ ಬಿಟ್ಟು ಮೂಲೆ ಹಿಡಿದ. ಅವು ಮರಳಿ ಅವನ ಕೈಗೆ ಬರಲೆಂದು ಎರಡು ವರ್ಷ ಹೆಣಗಿದೆ. ವಿಡಿಯೋ ಕೆಲಸ ನನಗೆ ಬಂದದ್ದು ಆ ಎರಡು ವರ್ಷದಲ್ಲಿ. ಅದಕ್ಕೂ ಮೊದಲು ಇಪ್ಪತ್ತು ವರ್ಷ ನಾನು ಗುಂಡಿ ಒತ್ತುತ್ತಿದ್ದೆ, ಅಷ್ಟೇ.

ಮೂಲದಲ್ಲಿ ನಾನು ತೆಂಗಳಿಯವನು. ವಾಡಿಗೆ ಬಂದು ಸಿನಿಮಾ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟೆ. ಆ ಧಂದೆ ಇಳಿಯುವ ವಾಸನೆ ಬಂದ ಕೂಡಲೇ ಭುಜದ ಮೇಲೆ ಹೊರುವ ಟೇಪಿನ ಕ್ಯಾಮೆರಾ ಕೊಂಡೆ. ಅದು ಬಡವರ ಎಮ್ಮೆಯಂಥದ್ದು, ತಂಟೆಯಿಲ್ಲ. ಹತ್ತಿರದ್ದು ದೂರದ್ದು ಎಲ್ಲ ಒಂದೇ ಸಮ ಸ್ಪಷ್ಟ ಬರುತ್ತಿತ್ತು. ಅದನ್ನು ನನ್ನ ಕೈಗುಣ ಎಂದು ತಿಳಿದಿದ್ದೆ.

ಆಮೇಲೆ ಡಿಜಿಟಲ್ ಬಂತು. ಲೆನ್ಸ್ ಬಿಚ್ಚಿ ಹಾಕುವ ಕ್ಯಾಮೆರಾ, ಮುಖ ಸ್ಪಷ್ಟ, ಹಿಂದಿನದೆಲ್ಲ ಬೆಣ್ಣೆಯಂತೆ ಕರಗಿ ನಿಲ್ಲುವ ಚಿತ್ರ. ಕಲಬುರಗಿಯ ಅಂಗಡಿಯಲ್ಲಿ ಮೂರು ದಿನ ಕುಳಿತು ಚೌಕಾಸಿ ಮಾಡಿದೆ. ಬ್ಯಾಗು, ಎರಡು ಕಾರ್ಡು, ಸ್ಟ್ಯಾಂಡು ಎಲ್ಲ ಪುಕ್ಕಟೆ ಕೈಗೆ ಬಂದವು. ಆ ಮೂರು ದಿನದಲ್ಲಿ ಅರ್ಧ ದಿನ ಅದರ ಜೊತೆ ಬಂದ ಪುಸ್ತಕ ತಿರುವಿ ಹಾಕಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ.

ಹೊಸ ಕ್ಯಾಮೆರಾದ ಮೊದಲ ದೊಡ್ಡ ಕೆಲಸ ಭಂಕೂರಿನ ನಾಗಮ್ಮನ ಹಿರಿಮಗಳು ಜಗದೇವಿಯ ಮದುವೆ. ಮದುವೆಗೆ ಐದು ದಿನ ಇದೆ ಎನ್ನುವಾಗ ನಾಗಮ್ಮನ ಗಂಡ ಭೀಮಶಾನಿಗೆ ಫರ್ಸಿ, ಅಂದರೆ ಹಾಸುಗಲ್ಲು, ಕೆತ್ತುವಾಗ ಚೂರು ಸಿಡಿದು ಕಣ್ಣಿಗೆ ಬಡಿಯಿತು. ಎಡಗಣ್ಣು ಹೋಯಿತು. ಬಲಗಣ್ಣಿಗೆ ಆಪರೇಷನ್ ಮಾಡಿ ಪಟ್ಟಿ ಕಟ್ಟಿ ಮಲಗಿಸಿದ್ದರು. ಮದುವೆ ಮುಂದೆ ಹಾಕುವುದು ಬೇಡ ಎಂದು ಆಸ್ಪತ್ರೆಯ ಮಂಚದ ಮೇಲಿಂದ ಅವನೇ ಹೇಳಿ ಕಳಿಸಿದ್ದ.

ನಾಗಮ್ಮ ನನ್ನ ಅಂಗಡಿಗೆ ಬಂದವಳು ಕುರ್ಚಿಯ ಮೇಲೆ ಕೂಡಲಿಲ್ಲ.

"ಸಿದ್ರಾಮಣ್ಣ, ಊಟದ್ದು ತೆಗೀಬ್ಯಾಡ. ಕುಣಿಯೋದು ತೆಗೀಬ್ಯಾಡ. ಅಕ್ಕಿಕಾಳು ಬೀಳೋ ಹೊತ್ತಿನ್ಯಾಗ ಮಗಳ ಮಾರಿ ಚಂದ ಬರಬೇಕು ನೋಡು. ಪಟ್ಟಿ ಬಿಚ್ಚಿದ ಮ್ಯಾಲ ಅವ್ರು ಮೊದಲು ನೋಡೂದು ಅದೇ ಅದ."

"ಯಕ್ಕಾ, ಚಿಂತಿ ಬಿಡು. ಹೊಸಾ ಕ್ಯಾಮೆರಾ ಅದ. ಅದಕ್ಕ ಎಲ್ಲಾ ತಾನೇ ತಿಳೀತದ."

ಈ ಮಾತು ನಿಮ್ಮ ಬಾಯಲ್ಲಿ ಯಾವತ್ತೂ ಬರಬಾರದು.

ಮದುವೆ ನಡೆದದ್ದು ಮನೆಯ ಮುಂದಿನ ಅಂಗಳದಲ್ಲಿ. ಕೆಳಗೆ ಬಿಳಿ ಫರ್ಸಿ, ಮೇಲೆ ಹನ್ನೆರಡೂವರೆಯ ಬಿಸಿಲು. ಫೋಕಸ್ಸೂ ಆಟೋ, ಎಕ್ಸ್‌ಪೋಜರ್ ಎಂದು ನಾವು ಕರೆಯುವ ಬೆಳಕಿನ ಲೆಕ್ಕವೂ ಆಟೋ. ಮಂತ್ರ ಮುಗಿಯಿತು, ಬಾಜಾ ಬಡಿಯಿತು, ಮುನ್ನೂರು ಕೈಗಳಿಂದ ಅಕ್ಕಿಕಾಳು ಹಾರಿತು. ಕ್ಯಾಮೆರಾ ಹಾರುವ ಕಾಳನ್ನು ಹಿಡಿಯಿತು, ಬಿಟ್ಟಿತು, ಮತ್ತೊಂದನ್ನು ಹಿಡಿಯಿತು. ಒಂದೊಂದು ಕಾಳೂ ಮುತ್ತಿನಂತೆ ಸ್ಪಷ್ಟ. ಅದರಾಚೆ ಜಗದೇವಿಯ ಮುಖ ಹಾಲಿನಲ್ಲಿ ಬಿದ್ದ ಅರಿಶಿನದಂತೆ ಹರಡಿಹೋಗಿತ್ತು. ಬಿಸಿಲಿನಲ್ಲಿ ಆ ಪುಟ್ಟ ಪರದೆಯ ಮೇಲೆ ನನಗೇನೂ ಕಾಣಲಿಲ್ಲ. ಚೆನ್ನಾಗಿಯೇ ಬಂದಿರಬೇಕು ಎಂದುಕೊಂಡೆ. ಮನೆಗೆ ಬಂದು ನೋಡಲೂ ಇಲ್ಲ, ಪೆನ್‌ಡ್ರೈವಿಗೆ ಹಾಕಿ ಕೊಟ್ಟುಬಿಟ್ಟೆ.

ಎರಡು ವಾರದ ನಂತರ ನಾಗಮ್ಮ ಮತ್ತೆ ಬಂದಳು. ಆ ಸಲ ಕುಳಿತಳು. ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟಳು.

"ಪಟ್ಟಿ ಬಿಚ್ಚಿದ್ರು. ಮಬ್ಬ ಮಬ್ಬ ಕಾಣ್ತದ, ಬರಬರ್ತ ತಿಳಿ ಆಗ್ತದ ಅಂತ ಡಾಕ್ಟರ್ ಅಂದಿದ್ರು. ಮನಿಗಿ ಬಂದು ಟಿವಿ ಹಚ್ಚಿದ್ವಿ. ಅವ್ರು ನೋಡಿದ್ರು, ನೋಡಿದ್ರು, 'ಜಗದೇವಿ ಎಲ್ಲಿ ಅದಾಳ' ಅಂದ್ರು. ಇಲ್ಲೇ ಅದಾಳಲ್ರಿ, ನಮಗ ಬೀ ಹಿಂಗೇ ಕಾಣಲಿಕತ್ತದ ಅಂದ್ನಿ. 'ನನ್ನ ಸಮಾಧಾನಕ್ಕ ಅನ್ನಲಿಕತ್ತೀ' ಅಂತ ಮಾರಿ ತಿರುವಿದ್ರು."

"ಯಕ್ಕಾ, ಈಗ ಹಿಂಗೇ ಫ್ಯಾಶನ್ ಅದ."

"ಮಗಳ ಮಾರಿ ಅಳಸೂದು ಫ್ಯಾಶನ್ ಏನಣ್ಣ?"

ಆ ವಿಡಿಯೋ ನೋಡಿದ ಮರುದಿನವೇ ಭೀಮಶಾ ತನ್ನ ಉಳಿ ಸುತ್ತಿಗೆಗಳನ್ನು ಮಾರಿಬಿಟ್ಟಿದ್ದ. ವಾರ ಕಳೆದು ಕಣ್ಣು ತಿಳಿಯಾಯಿತು, ದಾರಿ ಕಂಡಿತು, ಮನುಷ್ಯರು ಕಂಡರು. ಡಾಕ್ಟರೂ ಕಣ್ಣು ಗಟ್ಟಿಯಿದೆ ಎಂದರು. ಆದರೆ ಅವನೊಳಗಿನ ಧೈರ್ಯ ಮಾತ್ರ ತಿಳಿಯಾಗಲಿಲ್ಲ. ಹತ್ತಿರ ಇದ್ದದ್ದು ಕಾಣುತ್ತದೆ, ಆದರೆ ಉಳಿಯ ತುದಿ ಎಲ್ಲಿ ಕೂರುತ್ತದೆ ಎಂದು ಈ ಕಣ್ಣು ಸುಳ್ಳು ಹೇಳುತ್ತದೆ ಎನ್ನುತ್ತಿದ್ದನಂತೆ. ಆಡು ಕಾಯಲು ಹೋಗುತ್ತಿದ್ದ. ಗೆರೆ ಹಾಕದೆ ಕಲ್ಲನ್ನು ನೇರ ಕತ್ತರಿಸುತ್ತಿದ್ದ ಮನುಷ್ಯ.

ಇದೆಲ್ಲ ತಿಳಿದ ಮೇಲೆ ನಾಗಮ್ಮನಿಗೆ ದುಡ್ಡು ಹಿಂದಕ್ಕೆ ಕೊಡುತ್ತೇನೆಂದೆ. ಅರ್ಧದಿಂದ ಶುರು ಮಾಡಿ ಪೂರ್ತಿಗೆ ಬಂದೆ. ನಾಗಮ್ಮ ಕೈ ಅಡ್ಡ ಹಿಡಿದಳು.

"ರೊಕ್ಕ ನಿನ್ನ ಹಂತೇಕ ಇರ್ಲಿ. ಸಣ್ಣಾಕಿ ಅಂಬಿಕಾಂದು ಇನ್ನೆರಡು ವರ್ಷಕ್ಕ ಮದುವಿ ಮಾಡ್ತೀವಿ. ಅದರಾಗ ಮಗಳ ಮಾರಿ ಹೆಂಗ ಬರಬೇಕಂದ್ರ ಅವ್ರು ಬಾಯಿ ಮುಚ್ಚಬೇಕು. ಆ ಟಿವಿ ಕಣ್ಣು ಹೋಗ್ಯಾದ ಅಂತ ಹೇಳೇದ. ಅದೇ ಟಿವಿ ಕಣ್ಣು ಅದ ಅಂತ ಹೇಳಬೇಕು."

ಜೀವನದಲ್ಲಿ ನಾನು ಸೋತ ಚೌಕಾಸಿ ಅದೊಂದೇ. ಒಂದು ಮಾತೂ ಇಳಿಸಲಾಗಲಿಲ್ಲ.

ಅಂದೇ ಸಂಜೆ ಶಹಾಬಾದಿಗೆ ಖಾದರ್ ಸಾಹೇಬರ ಹತ್ತಿರ ಹೋದೆ. ಅವರು ಫಿಲ್ಮ್ ರೋಲಿನ ಕಾಲದ ಫೋಟೋಗ್ರಾಫರ್. ಕ್ಯಾಸೆಟ್ ಅಂಗಡಿಗೂ ಮುಂಚೆ ಅವರ ಸ್ಟುಡಿಯೋದಲ್ಲಿ ಎರಡು ವರ್ಷ ನೆಗೆಟಿವ್ ತೊಳೆದಿದ್ದೆ. ಅವರ ಬೈಗುಳ ತಾಳದೆ ಕೆಲಸ ಬಿಟ್ಟಿದ್ದೆ. ಸ್ಟುಡಿಯೋ ಮುಚ್ಚಿದ್ದರೂ ಬಾಯಿ ಮುಚ್ಚಿರಲಿಲ್ಲ.

"ಬಂದೇನು, ಆಟೋ ಮಾಸ್ತರ್?" ಎಂದರು. ಸುದ್ದಿ ಅಲ್ಲಿಗಾಗಲೇ ಮುಟ್ಟಿತ್ತು.

ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿಸಿದರು. ತಾವು ಎದುರಿಗೆ ನಿಂತರು. ಒಳಗಿನಿಂದ ಅಕ್ಕಿ ತರಿಸಿ ಒಂದು ಮುಷ್ಟಿ ಲೆನ್ಸಿನ ಮುಂದೆ ತೂರಿದರು. ಪರದೆಯ ಮೇಲೆ ಅವರ ಮುಖ ಮಾಯವಾಯಿತು.

"ನೋಡಿದೇನು? ಇದು ಬೆಕ್ಕಿನಂಗ ಅದ. ಮುಂದ ಏನು ಅಲುಗಾಡ್ತದ, ಅದರ ಹಿಂದ ಜಿಗೀತದ. ಬೆಕ್ಕಿನ ಕೈಯಾಗ ಮದುವಿ ಕೊಟ್ಟು ಬಂದೀ ನೀ."

ಆಮೇಲೆ ಲೆನ್ಸಿನ ಪಕ್ಕದ ಪುಟ್ಟ ಗುಂಡಿಯನ್ನು ಆಟೋದಿಂದ ಮ್ಯಾನುಯಲ್ಲಿಗೆ ಸರಿಸಿದರು. ಲೆನ್ಸಿನ ಸುತ್ತ ತಿರುಗುವ ಬಳೆಯನ್ನು ನನ್ನಿಂದ ತಿರುಗಿಸಿ ತಮ್ಮ ಗಡ್ಡದ ಕೂದಲು ಎಣಿಸುವಷ್ಟು ಸ್ಪಷ್ಟ ಮಾಡಿಸಿದರು. ಮತ್ತೊಂದು ಮುಷ್ಟಿ ಅಕ್ಕಿ ತೂರಿದರು. ಕಾಳುಗಳು ಮಂಜಿನಂತೆ ಹಾದುಹೋದವು. ಮುಖ ಅಲ್ಲಾಡದೆ ನಿಂತಿತ್ತು. ನನಗೆ ಕುಣಿಯುವಷ್ಟು ಖುಷಿಯಾಯಿತು. ಇಷ್ಟೇ ಏನು, ಒಂದು ಗುಂಡಿಯ ಮಾತು?

"ಇಷ್ಟೇ ಅಲ್ಲ. ನಾ ನಿಂತೀನಿ. ಮದುಮಗಳು ನಿಲ್ತಾಳೇನು? ಹಗ್ಗ ತಗೊಂಡು ಬಾ."

ಲೆನ್ಸಿನಿಂದ ಮನುಷ್ಯನವರೆಗೆ ಹಗ್ಗ ಹಿಡಿದು ಅಳೆಯುವುದು, ಆ ಜಾಗದಲ್ಲಿ ಯಾರನ್ನಾದರೂ ನಿಲ್ಲಿಸಿ ಮೊದಲೇ ಫೋಕಸ್ ಮಾಡುವುದು, ಬಳೆಯ ಮೇಲೆ ಗುರುತು ಹಾಕುವುದು. ಇದು ಅವರ ಕಾಲದ ವಿದ್ಯೆ. ಗುರುತಿಗೆ ನಾನು ಕುಂಕುಮ ಬಳಸತೊಡಗಿದೆ. ಮದುವೆ ಮನೆಯಲ್ಲಿ ಬೇರೇನು ಸಿಗದಿದ್ದರೂ ಅದು ಸಿಗುತ್ತದೆ, ತುಸು ಎಣ್ಣೆ ಹಚ್ಚಿದರೆ ನಿಲ್ಲುತ್ತದೆ, ಒರೆಸಿದರೆ ಹೋಗುತ್ತದೆ.

ಮನೆಯ ಹಿತ್ತಲಲ್ಲಿ ದಿನಾ ಅಭ್ಯಾಸ ಮಾಡಿದೆ. ಹೆಂಡತಿ ಅಕ್ಕಿ ತೂರಬೇಕು, ನಾನು ಬಳೆ ತಿರುಗಿಸಬೇಕು. ಹತ್ತು ದಿನಕ್ಕೆ ಅವಳು ಸಾಕಾಗಿ, "ಜ್ವಾಳ ಒಗೀತೀನಿ ನೋಡ್ರಿ, ಅಕ್ಕಿ ತುಟ್ಟಿ ಅದ. ಓಣಿ ಕೋಳಿ ಎಲ್ಲಾ ನಮ್ಮ ಮನ್ಯಾಗೇ ಸಂಸಾರ ಹೂಡ್ಯಾವ" ಎಂದಳು. ಜೋಳವೂ ಅದೇ ಪಾಠ ಕಲಿಸುತ್ತದೆ. ನೀವೂ ಜೋಳವನ್ನೇ ಬಳಸಿ.

ಫೋಕಸ್ ಕೈಗೆ ಹತ್ತಿತು. ಬೆಳಕು ಇನ್ನೂ ಆಟೋದಲ್ಲೇ ಇತ್ತು. ಅದರ ಪಾಠ ಸೇಡಂನ ಒಂದು ಗೃಹಪ್ರವೇಶದಲ್ಲಿ ಶುರುವಾಯಿತು. ಹೊಸ ಮನೆ, ಸುಣ್ಣ ಬಳಿದ ಗೋಡೆ, ಯಜಮಾನರು ಬಿಳಿ ಧೋತರದಲ್ಲಿ ನಿಂತಿದ್ದರು. ಯಾವುದೋ ಗುಂಡಿ ತಪ್ಪಿ ಒತ್ತಿದ್ದಿರಬೇಕು, ಪರದೆಯ ಮೇಲೆ ಯಜಮಾನರ ಧೋತರದ ತುಂಬ ಓರೆ ಗೆರೆಗಳು ಹರಿದಾಡತೊಡಗಿದವು. ಕ್ಯಾಮೆರಾ ಕೆಟ್ಟಿತೆಂದು ಕೆಲಸ ನಿಲ್ಲಿಸಿದೆ. ಮರುದಿನ ಕಲಬುರಗಿಗೆ ಹೋಗಿ ಅಂಗಡಿಯ ಮುಂದೆ ನಾಲ್ಕು ಜನ ಸೇರುವಷ್ಟು ದನಿ ಎತ್ತಿ, ಬೇರೆ ಕ್ಯಾಮೆರಾ ಕೊಡಿ ಎಂದೆ. ರಿಪೇರಿ ಮಾಡುವವನು ಕ್ಯಾಮೆರಾ ಕೈಗೆ ತೆಗೆದುಕೊಂಡು ನೋಡಿ ನಕ್ಕ.

"ಕಾಕಾ, ಇದು ಬ್ಯಾಮಾರಿ ಅಲ್ರಿ. ಇಲ್ಲಿ ಬೆಳಕು ಹೆಚ್ಚಾಗ್ಯಾದ, ಸುಟ್ಟು ಬೆಳ್ಳಗ ಆಗ್ತದ ಅಂತ ಅದು ನಿಮಗ ಹೇಳಲಿಕತ್ತದ. ನೀವು ಕೇಳವಲ್ರಿ."

ನನ್ನ ಕ್ಯಾಮೆರಾದಲ್ಲಿ ಅಂಥ ಗುಣವೊಂದಿದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಜಗಳಕ್ಕೆ ಹೋದವನು ಪಾಠ ಕಲಿತು ಬಂದೆ. ಬರುವಾಗ ಲೆನ್ಸ್ ಒರೆಸುವ ಬಟ್ಟೆಯೊಂದನ್ನು ಪುಕ್ಕಟೆ ತಂದೆ, ಅದು ಬೇರೆ ಮಾತು. ಬಿಸಿಲಿನಲ್ಲಿ ಪರದೆ ಸುಳ್ಳು ಹೇಳುತ್ತದೆ, ಆ ಗೆರೆಗಳು ಹೇಳುವುದಿಲ್ಲ. ಇವತ್ತೇ ನಿಮ್ಮ ಕ್ಯಾಮೆರಾದಲ್ಲಿ ಹುಡುಕಿ, ಚಾಲೂ ಮಾಡಿ ಇಟ್ಟುಕೊಳ್ಳಿ.

ಮುಂದಿನ ಪಾಠ ಚಿಂಚೋಳಿ ಕಡೆ, ಕುಂಚಾವರಂ ಹತ್ತಿರದ ತಾಂಡಾ ಒಂದರಲ್ಲಿ. ಹೆಣ್ಣುಮಕ್ಕಳು ಕನ್ನಡಿ ಹೊಲಿದ ಬಟ್ಟೆ ಉಟ್ಟು ಸುತ್ತು ಕಟ್ಟಿ ಕುಣಿಯುತ್ತಿದ್ದರು. ಅವರು ನನ್ನ ಕಡೆ ತಿರುಗಿದಾಗ ನೂರು ಕನ್ನಡಿಗಳು ಸೂರ್ಯನನ್ನು ಲೆನ್ಸಿಗೆ ಎಸೆಯುತ್ತಿದ್ದವು. ಕ್ಯಾಮೆರಾ ಹೆದರಿ ಬೆಳಕು ತಗ್ಗಿಸುತ್ತಿತ್ತು, ಮುಖಗಳು ಕಪ್ಪಾಗುತ್ತಿದ್ದವು. ಬೆನ್ನು ತಿರುಗಿದರೆ ಮತ್ತೆ ಬೆಳಕು. ಚಿತ್ರ ಉಸಿರಾಡುವಂತೆ ಕಪ್ಪು ಬಿಳುಪಾಗುತ್ತಿತ್ತು. ಬೆಳಕನ್ನೂ ಮ್ಯಾನುಯಲ್ಲಿಗೆ ಹಾಕಿ, ಅವರು ನಿಂತ ಬಿಸಿಲಿನಲ್ಲೇ ನನ್ನ ಅಂಗೈ ಹಿಡಿದು, ಅಂಗೈ ಸರಿ ಕಾಣುವಷ್ಟಕ್ಕೆ ಬೆಳಕು ಕಟ್ಟಿದೆ, ಮತ್ತೆ ಅದನ್ನು ಮುಟ್ಟಲಿಲ್ಲ. ಅವರಲ್ಲಿ ಹಿರಿಯಳೊಬ್ಬಳು ತೆಗೆದದ್ದನ್ನು ನೋಡಿ, "ಮೊದಲ ನಮ್ಮ ಬಟ್ಟಿ ಅಷ್ಟೇ ಕುಣೀಲಿಕತ್ತಿದ್ವು, ಈಗ ನಾವು ಬೀ ಬಂದೀವಿ" ಎಂದಳು. ಇಪ್ಪತ್ತು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಸರ್ಟಿಫಿಕೇಟು ಅದು.

ಚಿತ್ತಾಪುರದ ಶಾಲೆಯೊಂದರ ಸಮಾರಂಭದಲ್ಲಿ ಟ್ಯೂಬ್‌ಲೈಟಿನ ಕೆಳಗೆ ಪರದೆಯ ತುಂಬ ಕಪ್ಪು ಪಟ್ಟೆಗಳು ತೇಲಿದವು. ಶಟರನ್ನು, ಅಂದರೆ ಒಂದೊಂದು ಚಿತ್ರಕ್ಕೆ ಬೆಳಕು ಬಿಡುವ ಹೊತ್ತನ್ನು, ಸೆಕೆಂಡಿನ ಐವತ್ತನೇ ಒಂದು ಭಾಗಕ್ಕೆ ತಂದ ಕೂಡಲೇ ಮಾಯವಾದವು. ನಮ್ಮ ದೇಶದ ಕರೆಂಟಿಗೆ ಅದೇ ಹೊಂದುತ್ತದೆ. ಅಂದಿನಿಂದ ಶಟರನ್ನು ಅಲ್ಲಿಂದ ಕದಲಿಸಲಿಲ್ಲ. ಬಿಸಿಲಿನಲ್ಲಿ ಬೆಳಕು ಹೆಚ್ಚಾದರೆ ಲೆನ್ಸಿಗೆ ಕಪ್ಪು ಗಾಜು ಹಾಕುತ್ತಿದ್ದೆ. ನಮ್ಮ ಬಿಸಿಲಿಗೆ ಮನುಷ್ಯರೇ ಕಪ್ಪು ಕನ್ನಡಕ ಹಾಕುತ್ತಾರೆ, ಕ್ಯಾಮೆರಾ ಏನು ಪಾಪ ಮಾಡಿದೆ?

ಎರಡು ವರ್ಷ ಹೀಗೆ ಕಳೆಯಿತು. ಅಂಬಿಕಾಳ ಮದುವೆ ಗೊತ್ತಾಯಿತು. ನಾಗಮ್ಮ ಬಂದು ಎಲೆ ಅಡಿಕೆ ಇಟ್ಟು, "ನೆನಪದ ಇಲ್ಲೋ?" ಎಂದಷ್ಟೇ ಕೇಳಿದಳು.

ಈ ಸಲ ಊರಿನ ಸಮುದಾಯ ಭವನ. ಮೂರು ಕಡೆ ಬಿಳಿ ಫರ್ಸಿಯ ಗೋಡೆ, ಎದುರಿಗೆ ಹಂದರ. ಬೆಳಿಗ್ಗೆ ಏಳಕ್ಕೇ ಹೋದೆ. ಮದುಮಕ್ಕಳು ನಿಲ್ಲುವ ಜಾಗದಲ್ಲಿ ನಾಗಮ್ಮನನ್ನು ನಿಲ್ಲಿಸಿ, ಹಗ್ಗ ಹಿಡಿದು ಅಳೆದು, ಅವಳ ಮೂಗುತಿಯ ಹರಳಿನ ಮೇಲೆ ಫೋಕಸ್ ಮಾಡಿ, ಬಳೆಯ ಮೇಲೆ ಕುಂಕುಮದ ಚುಕ್ಕೆ ಇಟ್ಟೆ. ಹಿಂದಿನದನ್ನು ಬೆಣ್ಣೆಯಂತೆ ಕರಗಿಸುವ ಆಸೆ ಬಿಟ್ಟು ಲೆನ್ಸಿನ ಬಾಯಿ ಚಿಕ್ಕದು ಮಾಡಿದೆ. ಹೀಗೆ ಮಾಡಿದರೆ ಅರ್ಧ ಹೆಜ್ಜೆ ಹಿಂದೆ ಮುಂದೆ ಆದರೂ ಸ್ಪಷ್ಟತೆ ಉಳಿಯುತ್ತದೆ. ಹನ್ನೆರಡಕ್ಕೆ ಮತ್ತೆ ಅಂಗೈ ಹಿಡಿದು ಬೆಳಕು ಕಟ್ಟಿದೆ. ಗೋಡೆಯ ಮೇಲೆ ಒಂದೆರಡು ಕಡೆ ಗೆರೆ ಓಡಿದವು, ಓಡಲಿ. ಮುಖದ ಮೇಲೆ ಒಂದೂ ಇರಲಿಲ್ಲ.

ಭೀಮಶಾ ಹಂದರದ ಕೊನೆಯ ಕಂಬಕ್ಕೆ ಒರಗಿ ಕುಳಿತಿದ್ದ. ಮಗಳ ಹತ್ತಿರ ನಿಲ್ಲಲು ಕರೆದರೆ, "ಇಲ್ಲೇ ಇರ್ತೀನಿ, ಕಾಲಿಗಿ ಏನರೆ ತೊಡಕಿದ್ರ ಸುಮ್ನ ಅಪಶಕುನ" ಎಂದ. ಸ್ವಂತ ಮಗಳ ಮದುವೆಯಲ್ಲಿ ಅವನು ನೆಂಟನಂತೆ ಕುಳಿತಿದ್ದ.

ಮದುಮಕ್ಕಳ ನಡುವೆ ಬಿಳಿಯ ಅಂತರಪಟ ಹಿಡಿದರು. ಆಟೋದಲ್ಲಿದ್ದರೆ ಆ ಬಟ್ಟೆಗೇ ಕ್ಯಾಮೆರಾ ಬೆದರುತ್ತಿತ್ತು. ನನ್ನದು ಅಲ್ಲಾಡಲಿಲ್ಲ. ಕೊನೆಯ ಮಂತ್ರ ಶುರುವಾಯಿತು. ಆಗ ಬೀಗರ ಕಡೆಯ ಹೆಂಗಸರ ಗುಂಪು ಮೊಬೈಲು ಎತ್ತಿ ಹಿಡಿದು ನುಗ್ಗಿತು. ಒಬ್ಬಾಕೆಯ ಸೊಂಟ ನನ್ನ ಸ್ಟ್ಯಾಂಡಿಗೆ ಬಡಿದು ಅದು ಎರಡು ಮೊಳ ಹಿಂದೆ ಸರಿಯಿತು.

"ಅಯ್ಯ, ತಗಲಿತೇನ್ರಿ?" ಎಂದಳಾಕೆ, ಮೊಬೈಲಿನಿಂದ ಕಣ್ಣು ತೆಗೆಯದೆ.

ಹಗ್ಗದ ಅಳತೆ ಹೋಯಿತು, ಕುಂಕುಮದ ಚುಕ್ಕೆ ಹೋಯಿತು. ಬಾಜಾದವನು ಕೋಲು ಎತ್ತಿದ್ದ. ನನ್ನ ಹೆಬ್ಬೆರಳು ಆ ಪುಟ್ಟ ಗುಂಡಿಯ ಮೇಲೆ ಹೋಯಿತು. ಆಟೋಕ್ಕೆ ಸರಿಸಿಬಿಟ್ಟರೆ ಈ ಕ್ಷಣಕ್ಕೆ ಮುಖ ಹಿಡಿಯುತ್ತದೆ. ಆಮೇಲೆ ಕಾಳು ಹಾರುತ್ತದೆ, ಬೆಕ್ಕು ಜಿಗಿಯುತ್ತದೆ. ಹೆಬ್ಬೆರಳು ತೆಗೆದೆ. ಪರದೆಯಲ್ಲಿ ಚಿತ್ರ ದೊಡ್ಡದು ಮಾಡಿದೆ. ಅಂತರಪಟದ ಅಂಚಿನಲ್ಲಿ ಅಂಬಿಕಾಳ ಮೂಗುತಿ ಮಾತ್ರ ಕಾಣುತ್ತಿತ್ತು. ಬಳೆಯನ್ನು ಸಾಸಿವೆಯಷ್ಟು ತಿರುಗಿಸಿದೆ, ಇನ್ನರ್ಧ ಸಾಸಿವೆ, ಹರಳು ಚೂಪಾಗಿ ಮಿನುಗಿತು. ಕೈ ತೆಗೆದೆ. ಅಂತರಪಟ ಸರಿಯಿತು, ಬಾಜಾ ಬಡಿಯಿತು, ಹಂದರವೆಲ್ಲ ಅಕ್ಕಿಯಾಯಿತು. ಕಾಳುಗಳ ಆಚೆ ಹುಡುಗಿ ಕಣ್ಣು ಮುಚ್ಚಿ ತೆರೆದಳು, ಹುಬ್ಬಿನ ಮೇಲೆ ಒಂದು ಕಾಳು ನಿಂತಿತು.

ಆ ಸಲ ಮನೆಯಲ್ಲಿ ಮೂರು ಬಾರಿ ನೋಡಿದ ಮೇಲೆಯೇ ಹೊರಟೆ. ನಾನೇ ಪೆನ್‌ಡ್ರೈವ್ ಹಚ್ಚಬೇಕೆಂದು ಹಟ ಮಾಡಿ, ಮಧ್ಯಾಹ್ನದ ಊಟದ ಹೊತ್ತಿಗೆ ಭಂಕೂರಿಗೆ ಹೋದೆ. ಭೀಮಶಾ ಗೋಡೆಗೆ ಒರಗಿ ಕುಳಿತಿದ್ದ, ಟಿವಿಯ ಕಡೆ ಅರ್ಧ ಬೆನ್ನು.

"ನಾ ಅಲ್ಲೇ ಇದ್ನಲ್ಲ, ಮತ್ಯಾಕ ನೋಡಬೇಕು?"

"ಕೊನೀ ಕಂಬದ ಹಂತೇಕ ಇದ್ರಿ. ಅಲ್ಲಿಂದ ನಿಮಗ ಮುಂದಿನವರ ರುಮಾಲ ಕಂಡಿರ್ತದ" ಎಂದಳು ನಾಗಮ್ಮ.

ವಿಡಿಯೋ ಹಚ್ಚಿದೆ. ಅಂತರಪಟ, ಬಾಜಾ, ಕಾಳು. ಎಲ್ಲರೂ ಟಿವಿ ನೋಡುತ್ತಿದ್ದರೆ ನಾಗಮ್ಮ ಗಂಡನ ಮುಖ ನೋಡುತ್ತಿದ್ದಳು. ನಾನೂ ಅದನ್ನೇ ನೋಡುತ್ತಿದ್ದೆ. ಅವನ ಅರ್ಧ ಬೆನ್ನು ಮೆಲ್ಲಗೆ ತಿರುಗಿತು.

"ನಿಲ್ಲಸ್ರಿ," ಎಂದ.

ನಿಲ್ಲಿಸಿದೆ. ಅವನು ಎದ್ದು ಟಿವಿಯ ಹತ್ತಿರ ಹೋಗಿ ಬಲಗಣ್ಣು ಕಿರಿದು ಮಾಡಿ ನೋಡಿದ.

"ಹುಬ್ಬಿನ ಮ್ಯಾಲ ಕಾಳು ಕುಂತದ," ಎಂದ ತನ್ನಷ್ಟಕ್ಕೆ. ಆಮೇಲೆ ಬೆರಳು ಮಗಳ ಮುಖ ದಾಟಿ ಹಿಂದಿನ ಗೋಡೆಗೆ ಹೋಯಿತು.

"ಇದೇನಿದು? ಎರಡನೇ ಸಾಲಿನ್ಯಾಗ ಮೂರನೇ ಫರ್ಸಿ. ಅರ್ಧ ಬೆರಳು ಹೊರಗ ಬಂದದ. ಯಾವ ಮಗ ಕೂಡಿಸ್ಯಾನ ಇದನ್ನ?"

ನಾನು ನೋಡಿದೆ. ಮೂರು ಸಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದ ನನಗೆ ಅದು ಕಂಡಿರಲಿಲ್ಲ. ತೋರಿಸಿದ ಮೇಲೆಯೂ ಬಹಳ ಹೊತ್ತು ಕಾಣಲಿಲ್ಲ.

"ನಿಮಗ ಹೆಂಗ ಗೊತ್ತಾತು?" ನಾಗಮ್ಮ ಕೇಳಿದಳು.

"ಕಣ್ಣಿಲ್ಲೇನು ನನಗ? ಅಂಚಿನ ನೆರಳು ನೋಡು, ದಪ್ಪ ಬಿದ್ದದ." ಹೇಳಿದವನು ತಾನು ಏನು ಹೇಳಿದೆ ಎಂದು ತನಗೇ ಕೇಳಿಸಿದವನಂತೆ ಬೆರಳನ್ನು ಮತ್ತೆ ಆ ಅಂಚಿನ ಮೇಲೆ ಎಳೆದ. "ಉಳಿ ಇದ್ದಿದ್ರ..." ಎಂದ.

"ಜ್ವಾಳದ ಡಬ್ಬಿ ಹಿಂದ ಅದಾವ," ಎಂದಳು ನಾಗಮ್ಮ. "ನೀವು ಮಾರಿದ ಮರುದಿನಾನೇ ರೊಕ್ಕ ಕೊಟ್ಟು ತಿರುಗಿ ತಂದು ಇಟ್ಟೀನಿ. ಯಾರರೆ ಕೇಳ್ತಾರೇನಂತ ಎರಡು ವರ್ಷ ದಾರಿ ನೋಡೀನಿ."

ಅವನು ಉಣ್ಣದೆ ಎದ್ದು ಆ ಡಬ್ಬಿಯ ಕಡೆ ಹೋದ.

ಈಗ ನನ್ನ ಸಲಹೆ ಕೇಳಿ. ಕ್ಯಾಮೆರಾ ಕೊಂಡ ಮೊದಲ ವಾರ ಭಂಕೂರಿಗೆ ಹೋಗಿ. ಸಮುದಾಯ ಭವನದ ಗೋಡೆಯ ಎರಡನೇ ಸಾಲಿನಲ್ಲಿ ಮೂರನೇ ಫರ್ಸಿ ಹುಡುಕಿ. ಅದರ ಅಂಚಿನಲ್ಲಿ ಉಳಿಯ ಹೊಸ ಗೀರುಗಳಿವೆ, ಕೂದಲಿನಷ್ಟು ಸಣ್ಣವು, ಒಂದಕ್ಕೊಂದು ಸಮ. ಹನ್ನೆರಡೂವರೆಯ ಬೆಳಕಿನಲ್ಲಿ ಅವುಗಳ ಮೇಲೆ ಕೈಯಿಂದ ಫೋಕಸ್ ಮಾಡಿ. ಬಿಳಿ ಕಲ್ಲು, ಆಟೋಕ್ಕೆ ಬಿಟ್ಟರೆ ಬೂದಿ ಬಣ್ಣ ಬರುತ್ತದೆ, ಅಂಗೈ ಹಿಡಿದು ಬೆಳಕು ಕಟ್ಟಿಕೊಳ್ಳಿ. ಒಂದೊಂದು ಗೀರೂ ಬೇರೆ ಬೇರೆಯಾಗಿ ಕಾಣುವವರೆಗೆ ಬಳೆ ತಿರುಗಿಸುತ್ತಿರಿ. ಕಂಡ ಮೇಲೆ ಬನ್ನಿ, ಕ್ಯಾಮೆರಾ ಎಷ್ಟಕ್ಕೆ ಇಳಿಸಬಹುದಿತ್ತು ಎಂದು ಆಗ ಮಾತಾಡೋಣ.